ಬಿಲ್ಲು ತಪ್ಪಿದ್ದು ದುರ್ನಡತೆ ಆಗುತ್ತದೆಯೇ?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮದು ದಿನಸಿ ಅಂಗಡಿ. ಕೌಂಟರಿನ ಹುಡುಗ ಪದೇ ಪದೇ ಬಿಲ್ಲು ತಪ್ಪು ಮಾಡುತ್ತಿದ್ದ, ಲೇಟಾಗಿಯೂ ಬರುತ್ತಿದ್ದ. ಹೇಳಿ ಹೇಳಿ ಸಾಕಾಗಿ ತೆಗೆದೆ. ಈಗ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದ್ದಾನೆ. ತಕರಾರು ಮಾಡಿದರೆ ಗೆಲ್ಲುತ್ತೇನಾ?’

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಬಿಲ್ಲಿನ ತಪ್ಪನ್ನೇ ನೆಚ್ಚಿಕೊಂಡರೆ ಗೆಲ್ಲುವುದು ಕಷ್ಟ. ನಿಮ್ಮ ರಾಜ್ಯದಲ್ಲಿ ಮಾಲೀಕರು ತೆಗೆದುಹಾಕಿದ ಕೆಲಸಗಾರನಿಗೆ ಭತ್ಯೆ ತಪ್ಪಬೇಕಾದರೆ, ಕೆಲಸದಲ್ಲಿ ಅವನ ದುರ್ನಡತೆ ರುಜುವಾತಾಗಬೇಕು. ಆ ಹೊಣೆ ನಿಮ್ಮದು. ಅವನೇ ಬಿಟ್ಟು ಹೋಗಿದ್ದರೆ ಮಾತು ಬೇರೆ. ಬಿಡಲು ಸರಿಯಾದ ಕಾರಣವಿತ್ತು ಅಂತ ಆಗ ಅವನು ತೋರಿಸಬೇಕಿತ್ತು.

ಕೆಲಸ ಬಾರದಿರುವುದು ಬೇರೆ, ಬೇಕಂತಲೇ ಕೆಡಿಸುವುದು ಬೇರೆ. 1941ರಲ್ಲಿ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟಿಗೆ ಒಬ್ಬ ಟ್ಯಾಕ್ಸಿ ಚಾಲಕನ ಕೇಸು ಬಂದಿತ್ತು. ಅಪಘಾತ ಮಾಡಿಕೊಂಡಿದ್ದಕ್ಕೆ ಕಂಪನಿ ಅವನನ್ನು ತೆಗೆದಿತ್ತು. ಎಲ್ಲೋ ಒಮ್ಮೊಮ್ಮೆ ಆಗುವ ಸಾಮಾನ್ಯ ಅಜಾಗರೂಕತೆ, ಕೈಲಾಗದಿರುವುದು, ಒಳ್ಳೆಯ ಮನಸ್ಸಿನಿಂದಲೇ ಆದ ತಪ್ಪು ಇವೆಲ್ಲ ದುರ್ನಡತೆಯಲ್ಲ ಎಂದಿತು ಕೋರ್ಟು. ಕ್ಯಾಲಿಫೋರ್ನಿಯಾ ಕೂಡ ಇದೇ ಅಳತೆಗೋಲು ಹಿಡಿದಿದೆ. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಕೂಡುವುದು ಕಳೆಯುವುದು ಸರಿಯಾಗಿ ಬರದ ಹುಡುಗನನ್ನು ಕೌಂಟರಿನಿಂದ ತೆಗೆಯಬಹುದು. ಅಷ್ಟಕ್ಕೇ ಅವನ ಊಟ ತಪ್ಪಬಾರದು, ಅಲ್ವಾ?

ಲೇಟಾಗಿ ಬಂದದ್ದು ಮಾತ್ರ ನಿಮ್ಮ ಕಡೆಗೆ ಸ್ವಲ್ಪ ಬಲ ಕೊಡುತ್ತದೆ. ಎಚ್ಚರಿಕೆ ಕೊಟ್ಟ ಮೇಲೂ ಕಾರಣವಿಲ್ಲದೆ ತಡ ಮಾಡುತ್ತಲೇ ಇದ್ದರೆ ಅದು ದುರ್ನಡತೆ ಎನಿಸಬಹುದು. ಆದರೆ ಯಾವ ದಿನ, ಎಷ್ಟು ಹೊತ್ತು, ನೀವು ಏನು ಹೇಳಿದಿರಿ? ಬರೆದಿಟ್ಟಿದ್ದೀರಾ? ಸುಮ್ನೆ ‘ಯಾವಾಗಲೂ ಲೇಟು’ ಅಂದರೆ ನಡೆಯುವುದಿಲ್ಲ. ವಿಚಾರಣೆಯಲ್ಲಿ ಕಣ್ಣಾರೆ ಕಂಡವರೇ ಮಾತಾಡಬೇಕು, ಅವರಿವರು ಹೇಳಿದ್ದಕ್ಕೆ ತೂಕ ಕಡಿಮೆ.

ಅವನ ಅರ್ಜಿಯ ಬಗ್ಗೆ ಸರ್ಕಾರದಿಂದ ನಿಮ್ಮ ಕೈಗೆ ಬಂದ ನೋಟಿಸಿನ ಮೇಲೆ ಒಂದು ತಾರೀಖಿದೆ. ನೋಟಿಸನ್ನು ಅಂಚೆಗೆ ಹಾಕಿದ ದಿನದಿಂದ 10 ದಿನದೊಳಗೆ ಉತ್ತರ ಹೋಗಬೇಕು. ಮೊದಲು ಈ ಕೆಲಸ ಮಾಡಿ. ತೀರ್ಮಾನ ನಿಮಗೆ ವಿರುದ್ಧವಾದರೆ ಮೇಲ್ಮನವಿಗೆ 30 ದಿನ ಇರುತ್ತದೆ.

ಈ ಭತ್ಯೆ ಮಾಲೀಕರು ಕಟ್ಟುವ ತೆರಿಗೆಯಿಂದ ಹೋಗುತ್ತದೆ. ಹಳೆಯ ಕೆಲಸಗಾರರು ಪಡೆದಷ್ಟೂ ನಿಮ್ಮ ತೆರಿಗೆ ದರ ಏರಬಹುದು. ನಿಮ್ಮ ಚಿಂತೆ ಸುಳ್ಳಲ್ಲ. ಆದರೆ ಅವನಿಗೆ ಸಿಗುವುದು ವಾರಕ್ಕೆ ಹೆಚ್ಚೆಂದರೆ 450 ಡಾಲರ್, ಅದೂ ಸಾಮಾನ್ಯವಾಗಿ 26 ವಾರದವರೆಗೆ ಮಾತ್ರ. ಫ್ರೀಮಾಂಟ್‌ನ ಮನೆ ಬಾಡಿಗೆ ನನಗಿಂತ ನಿಮಗೇ ಜಾಸ್ತಿ ಗೊತ್ತು.

ಫಾರಂ ತುಂಬುವಾಗ ಸಿಟ್ಟನ್ನು ಪಕ್ಕಕ್ಕಿಡಿ. ಎರಡು ದಿನ ಲೇಟಾಗಿ ಬಂದಿದ್ದರೆ ಎರಡು ದಿನ ಎಂದೇ ಬರೆಯಿರಿ.