ದೊಡ್ಡ ಸಂಖ್ಯೆಗಳ ಮ.ಸಾ.ಅ., ಲ.ಸಾ.ಅ. ಸುಲಭವಾಗಿ ಕಂಡುಹಿಡಿಯುವುದು ಹೇಗೆ?

899 ಮತ್ತು 1147ರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಹುಡುಕೋಕೆ ನಿಮ್ಮ ಮಗಳು ಅರ್ಧ ಗಂಟೆ ಒದ್ದಾಡಿದಳು, 2, 3, 5, 7 ಯಾವುದರಿಂದಲೂ ಹೋಗಲಿಲ್ಲ ಎಂದು ಬರೆದಿದ್ದೀರಿ. ಅವಳ ತಪ್ಪೇನೂ ಇಲ್ಲ. 899 ಅಂದರೆ 29 × 31, 1147 ಅಂದರೆ 31 × 37. ಮಗ್ಗಿ ಎಷ್ಟು ಚೆನ್ನಾಗಿ ಬಂದರೂ ಇವು ಕಣ್ಣಿಗೆ ಬೀಳುವುದಿಲ್ಲ.

ಇಂಥ ಕಡೆ ಅಪವರ್ತಿಸುವ ಗೋಜಿಗೇ ಹೋಗಬೇಡಿ. ಕಳೆಯಿರಿ, ಅಷ್ಟೇ.

1147ರಿಂದ 899 ಕಳೆದರೆ 248. ಈಗ 899ರಲ್ಲಿ 248 ಮೂರು ಸಲ ಹೋಗಿ 155 ಉಳಿಯುತ್ತದೆ. 248ರಿಂದ 155 ಹೋದರೆ 93, 155ರಿಂದ 93 ಹೋದರೆ 62, 93ರಿಂದ 62 ಹೋದರೆ 31. 62ರಲ್ಲಿ 31 ಎರಡು ಸಲ, ಶೇಷ ಇಲ್ಲ. ಮುಗಿಯಿತು, ಮ.ಸಾ.ಅ. 31.

ಇದು ಯಾಕೆ ಸರಿ ಎಂದು ಅವಳಿಗೆ ಖಂಡಿತ ಹೇಳಿಕೊಡಿ, ಸುಮ್ನೆ ಬಾಯಿಪಾಠ ಮಾಡಿಸಬೇಡಿ. 1147 ಸೆಂ.ಮೀ. ಮತ್ತು 899 ಸೆಂ.ಮೀ. ಉದ್ದದ ಎರಡು ಹಗ್ಗಗಳನ್ನು ಒಂದೇ ಅಳತೆಯ ತುಂಡುಗಳಾಗಿ, ಚೂರೂ ಉಳಿಯದ ಹಾಗೆ ಕತ್ತರಿಸಬಹುದು ಅಂದುಕೊಳ್ಳಿ. ಆಗ ಉದ್ದದ ಹಗ್ಗದಲ್ಲಿ ಹೆಚ್ಚಿಗೆ ಇರುವ 248 ಸೆಂ.ಮೀ. ಕೂಡ ಅದೇ ಅಳತೆಯ ಪೂರ್ತಿ ತುಂಡುಗಳೇ ಆಗಿರಬೇಕು, ಅಲ್ವಾ? ಹಾಗಾಗಿ 1147ರ ಬದಲು 248 ಇಟ್ಟುಕೊಂಡರೂ ಉತ್ತರ ಬದಲಾಗುವುದಿಲ್ಲ, ಲೆಕ್ಕ ಮಾತ್ರ ಚಿಕ್ಕದಾಗುತ್ತಾ ಹೋಗುತ್ತದೆ. ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ಬರೆದಿಟ್ಟ ದಾರಿ ಇದು. 499ರಲ್ಲಿ ಆರ್ಯಭಟ ಹೇಳಿದ, ಮುಂದೆ ಕುಟ್ಟಕ ಎಂದು ಹೆಸರಾದ ವಿಧಾನವೂ ಹೀಗೇ ಶೇಷದಿಂದ ಭಾಗಿಸುತ್ತಾ ಸಾಗುತ್ತದೆ. ದೊಡ್ಡ ಸಂಖ್ಯೆಯನ್ನು ಕುಟ್ಟಿ ಪುಡಿ ಮಾಡುವುದು! ನನಗೆ ಆ ಹೆಸರು ತುಂಬಾ ಇಷ್ಟ.

ಲ.ಸಾ.ಅ.ಗೆ (ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಬೇರೆ ಕಷ್ಟ ಬೇಡ. 899ನ್ನು 31ರಿಂದ ಭಾಗಿಸಿದರೆ 29, ಅದನ್ನು 1147ರಿಂದ ಗುಣಿಸಿದರೆ 33263. ಎರಡನ್ನೂ ಗುಣಿಸಿ 31ರಿಂದ ಭಾಗಿಸಿದರೂ ಇದೇ ಉತ್ತರ. ಆದರೆ ಹುಷಾರು, ಗುಣಲಬ್ಧವನ್ನು ಮ.ಸಾ.ಅ.ದಿಂದ ಭಾಗಿಸುವ ಈ ಸೂತ್ರ ಎರಡು ಸಂಖ್ಯೆಗೆ ಮಾತ್ರ. 4, 6, 10ಕ್ಕೆ ಹಾಕಿ ನೋಡಿ, 240ನ್ನು 2ರಿಂದ ಭಾಗಿಸಿ 120 ಬರುತ್ತದೆ, ಅದು ತಪ್ಪು. ಮೊದಲು 4 ಮತ್ತು 6ಕ್ಕೆ 12, ಆಮೇಲೆ 12 ಮತ್ತು 10ಕ್ಕೆ 60, ಹೀಗೆ ಎರಡೆರಡೇ ಮಾಡಬೇಕು. ಭಿನ್ನರಾಶಿ ಕೂಡಿಸುವಾಗ ಛೇದಗಳ ಲ.ಸಾ.ಅ. ತೆಗೆಯುತ್ತೇವಲ್ಲ, ಅದನ್ನು 850ರ ಸುಮಾರಿಗೆ ನೃಪತುಂಗನ ಕಾಲದ ಮಹಾವೀರಾಚಾರ್ಯರೇ ಗಣಿತಸಾರಸಂಗ್ರಹದಲ್ಲಿ ಹೇಳಿದ್ದಾರೆ, ನಿರುದ್ಧ ಎಂಬ ಹೆಸರಿನಲ್ಲಿ. ಮಗಳಿಗೆ ಇದನ್ನೂ ಹೇಳಿ.

ಇನ್ನೊಂದು ಮಾತು. ಮಕ್ಕಳಿಗೆ ಜಾಸ್ತಿ ಗೊಂದಲ ಆಗುವುದು ಹೆಸರಿನಲ್ಲೇ. ಎರಡೂ 'ಅ'ದಲ್ಲಿ ಮುಗಿಯುತ್ತವೆ, ಆದರೆ ಒಂದು ಅಪವರ್ತನ, ಇನ್ನೊಂದು ಅಪವರ್ತ್ಯ. ಮಹತ್ತಮ ಎಂದ ಕೂಡಲೇ ದೊಡ್ಡ ಉತ್ತರ ಬರಬೇಕು ಅಂದುಕೊಳ್ಳುತ್ತಾರೆ. ವಾಸ್ತವ ಉಲ್ಟಾ. ಮ.ಸಾ.ಅ. ಕೊಟ್ಟ ಚಿಕ್ಕ ಸಂಖ್ಯೆಯನ್ನು ಯಾವತ್ತೂ ಮೀರುವುದಿಲ್ಲ, ಲ.ಸಾ.ಅ. ದೊಡ್ಡ ಸಂಖ್ಯೆಗಿಂತ ಯಾವತ್ತೂ ಕಡಿಮೆ ಆಗುವುದಿಲ್ಲ. ಹಗ್ಗ ಕತ್ತರಿಸುವುದು, ಸಮನಾಗಿ ಹಂಚುವುದು ಬಂದರೆ ಮ.ಸಾ.ಅ. 12 ನಿಮಿಷಕ್ಕೊಂದು, 18 ನಿಮಿಷಕ್ಕೊಂದು ಬಸ್ಸು ಒಟ್ಟಿಗೆ ಹೊರಟರೆ ಮತ್ತೆ ಯಾವಾಗ ಜೊತೆಯಾಗುತ್ತವೆ ಎಂದು ಕೇಳಿದರೆ ಲ.ಸಾ.ಅ., ಅಂದರೆ 36 ನಿಮಿಷಕ್ಕೆ.

ಇವತ್ತು ಸಂಜೆ ಅವಳಿಗೆ 1073 ಮತ್ತು 851 ಕೊಟ್ಟು ನೋಡಿ. ನಾಲ್ಕೇ ಸಾಲಿನಲ್ಲಿ 37 ಬರಬೇಕು.