ಜಗಳದ ದಿನ ಈ ಮಾತು ಹೇಗೆ ಕೇಳಿಸುತ್ತದೆ?

"ಅವಳು ಏನನ್ನೂ ಹೇಳಿಕೊಳ್ಳಲ್ಲ ಮೇಡಂ."

ಆಪ್ತಸಮಾಲೋಚನೆಗೆ ನನ್ನ ಹತ್ತಿರ ಬರುವ ದಂಪತಿಗಳಿಂದ ನಾನು ಅತಿ ಹೆಚ್ಚು ಕೇಳಿರುವ ದೂರು ಇದು. ಕೆಲವೊಮ್ಮೆ ಹೆಂಡತಿ ಗಂಡನ ಬಗ್ಗೆ ಹೇಳುತ್ತಾರೆ. ಕೆಲವೊಮ್ಮೆ ತಾಯಿ ಬೆಳೆದ ಮಗನ ಬಗ್ಗೆ. ಹೇಳುವವರು ಬೇರೆ, ದೂರು ಒಂದೇ. ಎದುರಿಗಿರುವವರು ಬಾಯಿ ಬಿಟ್ಟರೆ ಎಲ್ಲ ಸರಿಹೋಗುತ್ತದೆ, ಹೇಗಾದರೂ ಮಾಡಿ ಮಾತಾಡಿಸಿ ಅಂತ ಕೇಳುತ್ತಾರೆ. ಆ ಬಾಯಿ ಯಾಕೆ ಮುಚ್ಚಿತು ಅಂತ ಕೇಳುವವರು ಕಡಿಮೆ. ಅದಕ್ಕೇ ಒಂದು ದಂಪತಿಯ ಈ ಪ್ರಕರಣ ಬರೆಯುತ್ತಿದ್ದೇನೆ. ಗಂಡ ಹೆಂಡತಿ ಇಬ್ಬರೂ ಇದಕ್ಕೆ ಒಪ್ಪಿದ್ದಾರೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬದಲಿಸದೆ ಹಾಗೇ ಇಟ್ಟಿರುವುದು ಆಕೆ ಆಡಿದ ಒಂದು ಮಾತನ್ನು ಮಾತ್ರ.

ಮದುವೆಯಾಗಿ ಒಂಬತ್ತು ವರ್ಷ. ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಒಂದು ಮಗು. ಹೊಡೆತ ಬಡಿತ ಇಲ್ಲ, ಕುಡಿತ ಇಲ್ಲ, ಬೇರೆ ಸಂಬಂಧ ಇಲ್ಲ. ಇದನ್ನು ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿ ತಿಳಿದುಕೊಂಡಿದ್ದೆ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಮುಂದೆ ಬರುವ ಸಲಹೆ, ಸಂಗಾತಿಯ ಹೆಜ್ಜೆ ಸಪ್ಪಳಕ್ಕೇ ಎದೆ ನಡುಗುವ ಮನೆಗೆ ಅಲ್ಲ. ಅಲ್ಲಿ ಮೊದಲು ಬೇಕಾದದ್ದು ಜೀವಕ್ಕೆ, ಮೈಗೆ ರಕ್ಷಣೆ. ಮಾತುಕತೆ ಆಮೇಲೆ.

ಪತಿ ಒಳ್ಳೆಯ ಮನುಷ್ಯ. ಸಂಬಂಧ ಸರಿಮಾಡಿಕೊಳ್ಳಬೇಕು ಎಂಬ ಆಸೆ ಅವರಿಗೇ ಜಾಸ್ತಿ ಇತ್ತು. ಎರಡನೇ ಭೇಟಿಯಲ್ಲಿ ಫೋನ್ ತೆಗೆದು ಒಂದು ಪಟ್ಟಿ ತೋರಿಸಿದರು. ಸಂಗಾತಿಗೆ ಕೇಳಬೇಕಾದ 21 ಪ್ರಶ್ನೆಗಳು. ಇವತ್ತು ನಿನಗೆ ಯಾವಾಗ ಒಂಟಿ ಅನ್ನಿಸಿತು? ನಿನ್ನ ಅತಿ ದೊಡ್ಡ ಭಯ ಯಾವುದು? ಮಗು ಮಲಗಿದ ಮೇಲೆ ದಿನಕ್ಕೊಂದು ಕೇಳುತ್ತಿದ್ದರಂತೆ. ಕೇಳಿ ಆದದ್ದಕ್ಕೆ ಟಿಕ್ ಹಾಕಿದ್ದರು. ಎಂಟು ಟಿಕ್ ಇದ್ದವು.

"ಏನು ಉತ್ತರ ಬಂತು?" ಅಂತ ಕೇಳಿದೆ.

"ಎಂಟಕ್ಕೂ ಒಂದೇ ಮೇಡಂ. 'ಹಾಗೇನಿಲ್ಲ.'"

ಆಕೆ ಪಕ್ಕದಲ್ಲೇ ಕೂತಿದ್ದರು. "ರಾತ್ರಿ ಹತ್ತು ಗಂಟೆ ಆದರೆ ವೈವಾ ಪರೀಕ್ಷೆ ಇದ್ದ ಹಾಗೆ ಅನ್ನಿಸುತ್ತೆ," ಅಂದರು. ಆವತ್ತು ನಾನು ಆ ಮಾತನ್ನು ಹಿಡಿಯಲಿಲ್ಲ. ಅದರ ಬದಲು ಪತಿಗೆ "ಒಳ್ಳೆಯ ಪ್ರಯತ್ನ" ಅಂದುಬಿಟ್ಟೆ. ಇದು ನನ್ನನ್ನು ತುಂಬ ದಿನ ಕಾಡಿತು. ಬಾಗಿಲು ತಟ್ಟುವವರ ಕಷ್ಟ ನನ್ನ ಕಣ್ಣಿಗೆ ಬಿತ್ತು. ಒಳಗೆ ಚಿಲಕ ಹಾಕಿಕೊಂಡವರ ಕಷ್ಟ ಬೀಳಲಿಲ್ಲ.

ನಾಲ್ಕನೇ ಭೇಟಿಯಲ್ಲಿ ಪ್ರಶ್ನೆ ಬದಲಿಸಿದೆ. 'ಯಾಕೆ ಹೇಳಲ್ಲ' ಅಂತ ಕೇಳಲಿಲ್ಲ. ಯಾಕೆ ಅಂದ ಕೂಡಲೇ ಮನುಷ್ಯ ಕಟಕಟೆಯಲ್ಲಿ ನಿಂತ ಹಾಗೆ ಆಗಿಬಿಡುತ್ತಾನೆ. "ಏನೋ ಹೇಳಬೇಕು ಅನ್ನಿಸುತ್ತೆ, ಆಮೇಲೆ ಬೇಡ ಅನ್ನಿಸುತ್ತೆ. ಆ ನಡುವೆ ನಿಮ್ಮ ತಲೆಯಲ್ಲಿ ಏನು ಓಡುತ್ತೆ?" ಅಂತ ಕೇಳಿದೆ.

ಆಕೆಯ ಕೈಯಲ್ಲಿ ಮುಂದಿನ ಭೇಟಿಯ ದಿನಾಂಕ ಬರೆದ ಚೀಟಿ ಇತ್ತು. ಅದನ್ನು ಅರ್ಧಕ್ಕೆ ಮಡಿಸಿದರು. ಮತ್ತೆ ಮಡಿಸಿದರು. ಇನ್ನು ಮಡಿಸಲಾಗದಷ್ಟು ದಪ್ಪವಾದ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಹೇಳಿದರು:

"ಇವರಿಗೆ ಏನಾದರೂ ಹೇಳೋ ಮುಂಚೆ, ಜಗಳದ ದಿನ ಇದು ಇವರ ಬಾಯಲ್ಲಿ ಹೇಗೆ ಕೇಳಿಸುತ್ತೆ ಅಂತ ಯೋಚನೆ ಮಾಡ್ತೀನಿ. ಕೇಳೋಕೆ ಆಗಲ್ಲ ಅನ್ನಿಸಿದರೆ ಹೇಳಲ್ಲ."

"ಯಾವುದನ್ನು ಹೇಳಬಹುದು ಅನ್ನಿಸುತ್ತೆ?"

"ಮಗುಗೆ ಜ್ವರ. ಕರೆಂಟ್ ಬಿಲ್ಲು. ಅಂಥದ್ದು."

ಪತಿಗೆ ಗಾಬರಿಯಾಯಿತು. "ನಾನು ಯಾವತ್ತು ಹಾಗೆ ಮಾಡಿದ್ದೀನಿ?" ಅಂದರು. ಅದು ನಾಟಕ ಅಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆಕೆ ಹೇಳಿದರು. ಹನ್ನೆರಡನೇ ವಯಸ್ಸಿನಲ್ಲಿ ಮನೆಯಲ್ಲಿಟ್ಟಿದ್ದ ಹಣ ತೆಗೆದಿದ್ದರು. ಅಪ್ಪನಿಗೆ ಅನುಮಾನ ಬಂದದ್ದು ತಮ್ಮನ ಮೇಲೆ. ತಮ್ಮನಿಗೆ ಏಟು ಬಿತ್ತು. ಆಕೆ ಬಾಗಿಲ ಹಿಂದೆ ನಿಂತು ನೋಡಿದರು, ಬಾಯಿ ಬಿಡಲಿಲ್ಲ. ಯಾರಿಗೂ ಹೇಳದಿದ್ದ ಈ ವಿಷಯವನ್ನು ಮದುವೆಯಾದ ಮೂರನೇ ವರ್ಷ, ಒಂದು ರಾತ್ರಿ, ದೀಪ ಆರಿಸಿದ ಮೇಲೆ ಗಂಡನಿಗೆ ಹೇಳಿದ್ದರು. "ಆವತ್ತು ಇವರು ಏನೂ ಅನ್ನಲಿಲ್ಲ. ಕೈ ಹಿಡ್ಕೊಂಡೇ ಮಲಗಿದ್ರು. ಅದಕ್ಕೇ ಆಮೇಲೆ ಜಾಸ್ತಿ ನೋವಾಯ್ತು."

ಆಮೇಲೆ ಅಂದರೆ ಒಂದೂವರೆ ವರ್ಷದ ನಂತರ. ಗೆಳತಿಗೆ ಸ್ವಲ್ಪ ಹಣ ಕೊಟ್ಟದ್ದನ್ನು ಆಕೆ ಹೇಳಲು ಮರೆತಿದ್ದರು. ಅದಕ್ಕೆ ಜಗಳ. ಜಗಳದ ನಡುವೆ ಪತಿ ಅಂದದ್ದು: "ತಮ್ಮನಿಗೆ ಏಟು ಬೀಳುವಾಗ ಸುಮ್ನೆ ನಿಂತು ನೋಡಿದವಳು ನೀನು. ನನಗೆ ಸುಳ್ಳು ಹೇಳಲ್ಲ ಅಂತ ಹೇಗೆ ನಂಬೋದು?"

ಪತಿಗೆ ಗೆಳತಿಯ ಹಣದ ಜಗಳ ನೆನಪಿತ್ತು. ಈ ಮಾತು ನೆನಪಿರಲಿಲ್ಲ. "ಕೋಪದಲ್ಲಿ ಏನೋ ಅಂದಿರಬಹುದು. ಆವತ್ತೇ ಸಾರಿ ಕೇಳಿರ್ತೀನಲ್ವಾ?" ಅಂದರು.

"ಕೇಳಿದ್ರಿ. 'ಏನೇನೋ ಅಂದುಬಿಟ್ಟೆ, ಸಾರಿ' ಅಂದ್ರಿ."

ಹೊಡೆದವರು ಮರೆಯುವುದು, ಪೆಟ್ಟು ತಿಂದವರು ನೆನಪಿಡುವುದು ಈ ಮನೆಯ ಕಥೆ ಮಾತ್ರ ಅಲ್ಲ. ರಾಯ್ ಬೌಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಮಗೆ ಯಾರೋ ಸಿಟ್ಟು ಬರಿಸಿದ ಒಂದು ಘಟನೆ, ತಾವು ಯಾರಿಗೋ ಸಿಟ್ಟು ಬರಿಸಿದ ಒಂದು ಘಟನೆ, ಎರಡನ್ನೂ ಬರೆಯಲು ಜನರಿಗೆ ಹೇಳಿದ್ದರು. ತಾವು ತಪ್ಪು ಮಾಡಿದ ಘಟನೆಯನ್ನು ಅದು ಆವತ್ತಿಗೇ ಮುಗಿದುಹೋದ ಹಾಗೆ ಬರೆಯುವುದು ಹೆಚ್ಚು. ತಮಗೆ ಅನ್ಯಾಯವಾದ ಘಟನೆಯಲ್ಲಿ ನೋವು ಇನ್ನೂ ಉಳಿದಿರುತ್ತಿತ್ತು. ಬರೆದವರು ಅವೇ ಜನ. ಹಾಗಾಗಿ 'ನನಗೆ ನೆನಪೇ ಇಲ್ಲ, ಅಂದರೆ ಅದು ದೊಡ್ಡ ವಿಷಯ ಅಲ್ಲ' ಎಂಬ ವಾದವನ್ನು ನಾನು ಯಾರ ಬಾಯಿಂದ ಬಂದರೂ ಒಪ್ಪುವುದಿಲ್ಲ.

ಇನ್ನು ಆ ಸಾರಿ. 'ಏನೇನೋ ಅಂದೆ' ಎಂಬ ಮಾತಿನಲ್ಲಿ ಅಂದದ್ದು ಏನು ಎಂಬುದೇ ಇಲ್ಲ. ಕೇಳಿಸಿಕೊಂಡವರಿಗೆ ಒಂದು ಅನುಮಾನ ಉಳಿದುಬಿಡುತ್ತದೆ. ಇವರಿಗೆ ಯಾವ ಮಾತು ಚುಚ್ಚಿತು ಅಂತ ಗೊತ್ತಾಗಿದೆಯಾ? ಗೊತ್ತಾಗದಿದ್ದರೆ ಮತ್ತೆ ಅದನ್ನೇ ಅನ್ನುತ್ತಾರಲ್ವಾ? ದಂಪತಿ ಚಿಕಿತ್ಸೆಯಲ್ಲಿ ದೊಡ್ಡ ಹೆಸರಾದ ಸ್ಯೂ ಜಾನ್ಸನ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ 'ಬಾಂಧವ್ಯದ ಗಾಯ' ಎಂಬ ಅರ್ಥದ ಒಂದು ಹೆಸರು ಕೊಟ್ಟರು. ಆಸರೆ ಬೇಕಾದ ಹೊತ್ತಿನಲ್ಲಿ ಸಂಗಾತಿ ಕೈಬಿಟ್ಟ ಒಂದೇ ಒಂದು ಘಟನೆ ಇರುತ್ತದೆ. ಅದು ಮಾಯುವವರೆಗೆ ಉಳಿದ ಯಾವ ಪ್ರಯತ್ನವೂ ಮುಂದೆ ಹೋಗುವುದಿಲ್ಲ. ನಂಬಿ ಹೇಳಿಕೊಂಡದ್ದನ್ನೇ ತಿರುಗಿಸಿ ಹೊಡೆಯುವುದೂ ನನ್ನ ಮಟ್ಟಿಗೆ ಅದೇ ಜಾತಿಯ ಗಾಯ. ನಾವೇ ಕೈಯಾರೆ ಕೊಟ್ಟ ಕೋಲಿನಿಂದ ಬಿದ್ದ ಏಟು ಅದು.

ಆವತ್ತು ನಾನು ಕೊಟ್ಟ ಸಲಹೆ ಪತಿಗೆ ಇಷ್ಟವಾಗಲಿಲ್ಲ. ಆ ಪಟ್ಟಿ ಅಳಿಸಿಬಿಡಿ ಅಂದೆ. ಮೂರು ತಿಂಗಳು 'ಮನಸ್ಸು ಬಿಚ್ಚಿ ಮಾತಾಡು' ಅಂತ ಒಂದು ಸಲವೂ ಕೇಳಬೇಡಿ ಅಂದೆ. ಆಕೆ ತಾವಾಗಿಯೇ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ಆಕೆ ನಂಬಿ ಹೇಳಿದ ಯಾವುದೂ ಜಗಳದಲ್ಲಿ ಬರಕೂಡದು, ಜಗಳ ಎಷ್ಟೇ ನ್ಯಾಯವಾದದ್ದಾಗಿರಲಿ. ತಮಾಷೆಯಲ್ಲೂ ಬರಕೂಡದು, ಬೇರೆಯವರ ಎದುರಿಗಂತೂ ಬರಲೇಕೂಡದು. ಮತ್ತೆ, ಆ ಹಳೆಯ ಮಾತಿಗೆ ಇನ್ನೊಮ್ಮೆ ಕ್ಷಮೆ ಕೇಳಿ. ಈ ಸಲ ಆಡಿದ ಮಾತು ಯಾವುದು ಅಂತ ಬಿಡಿಸಿ ಹೇಳಿ ಕ್ಷಮೆ ಕೇಳಿ.

"ಸಿಟ್ಟಲ್ಲಿ ಬಾಯಿ ನನ್ನ ಕೈಲಿ ಇರಲ್ಲ ಮೇಡಂ," ಅಂದರು. ಅದೂ ನಿಜವೇ. ದಂಪತಿಗಳ ಜಗಳವನ್ನು ವರ್ಷಗಟ್ಟಲೆ ಅಳೆದು ನೋಡಿದ ಜಾನ್ ಗಾಟ್‌ಮನ್ ಹೇಳುವುದೂ ಇದನ್ನೇ. ಎದೆಬಡಿತ ನಿಮಿಷಕ್ಕೆ 100 ದಾಟಿತು ಅಂದರೆ ಎದುರಿನವರ ಮಾತು ತಲೆಗೆ ಹೋಗುವುದು ಕಷ್ಟ. ಮೈ ತಣ್ಣಗಾಗಲು ಕಡಿಮೆ ಅಂದರೂ 20 ನಿಮಿಷ ಬೇಕು. ಹಾಗಾಗಿ ನಾಲಿಗೆಯ ತುದಿಗೆ ಆ ಮಾತು ಬಂತು ಅನ್ನಿಸಿದರೆ ಎದ್ದುಹೋಗಿ. ಆದರೆ ಹೇಳಿ ಹೋಗಿ. ಬಾಗಿಲು ಬಡಿದು ಹೋಗುವುದು ಬೇರೆ, 'ಅರ್ಧ ಗಂಟೆ ಬಿಟ್ಟು ಬರ್ತೀನಿ, ಆಗ ಮಾತಾಡೋಣ' ಅಂತ ಹೋಗುವುದು ಬೇರೆ. ಹೇಳಿದ ಹೊತ್ತಿಗೆ ವಾಪಸ್ ಬರಲೇಬೇಕು.

ಆಕೆಗೆ ಒಂದೇ ಒಂದು ಕೆಲಸ ಕೊಟ್ಟೆ. ಯಾವುದಾದರೂ ಮಾತು ಚುಚ್ಚಿದರೆ ಆವತ್ತೇ 'ಇದು ಚುಚ್ಚಿತು' ಅಂತ ಹೇಳುವುದು. ನಂಬಿ ಅಂತ ನಾನು ಹೇಳಲಿಲ್ಲ.

"ಹೋಂವರ್ಕ್ ಎಲ್ಲ ನನಗೇನಾ?" ಅಂತ ಪತಿ ಕೇಳಿದರು. ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರೂ ಅದನ್ನೇ ಅಂದರು. ಇಬ್ಬರಿಗೂ ಸಮ ಪಾಲು ಹಂಚಬೇಕಿತ್ತು, ಆಕೆಗೂ ಮನಸ್ಸು ಬಿಚ್ಚಲು ಹೇಳಬೇಕಿತ್ತು ಅಂತ. ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ನಂಬಿಕೆ ಅಪ್ಪಣೆಗೆ ಬರುವುದಿಲ್ಲ. ನಿದ್ದೆ ಮಾಡು ಅಂದ ಮಾತ್ರಕ್ಕೆ ನಿದ್ದೆ ಬರುತ್ತದಾ? ಗಲಾಟೆ ನಿಲ್ಲಿಸಬಹುದು, ದೀಪ ಆರಿಸಬಹುದು, ಕಾಯಬಹುದು. ಅಷ್ಟೇ ನಮ್ಮ ಕೈಯಲ್ಲಿರುವುದು. ಏಟು ತಿಂದವರಿಗೆ 'ಇನ್ನೊಮ್ಮೆ ಬೆನ್ನು ಒಡ್ಡು, ಈ ಸಲ ಹೊಡೆಯಲ್ಲ' ಅಂತ ಹೇಳುವ ಸಲಹೆ ನನ್ನ ಬಾಯಿಂದ ಬರುವುದಿಲ್ಲ. ಗಾಯಗೊಂಡವರು ಹೆಂಡತಿಯಾಗಿರಲಿ, ಗಂಡನಾಗಿರಲಿ, ನಾನು ಇದನ್ನೇ ಹೇಳುತ್ತೇನೆ. ಅಪ್ಪನಿಂದ ಅಳು ತಡೆಯಲು ಕಲಿತ, ಆಮೇಲೆ ಹೆಂಡತಿ 'ಅಳುಮುಂಜಿ' ಅಂದಳೆಂದು ಮಾತೇ ಬಿಟ್ಟ ಗಂಡಸರನ್ನೂ ನೋಡಿದ್ದೇನೆ.

"ಹಾಗಾದರೆ ಇನ್ನು ತಪ್ಪೇ ಮಾಡಬಾರದಾ?" ಇದು ಪತಿಯ ಮುಂದಿನ ಪ್ರಶ್ನೆ. ಧ್ವನಿಯಲ್ಲಿ ಸೋಲು ಇತ್ತು. ನಾನು ಅವರಿಗೆ ಎಡ್ವರ್ಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸದ ಬಗ್ಗೆ ಹೇಳಿದೆ. 1970ರ ದಶಕದಲ್ಲಿ ಅವರು ತಾಯಂದಿರಿಗೆ ಮಗುವಿನ ಎದುರು ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರಲು ಹೇಳಿದರು. ಮಗು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಏನು ಮಾಡಿದರೂ ಅಮ್ಮನ ಮುಖ ಅಲುಗದಿದ್ದಾಗ ಕೊನೆಗೆ ಮುಖ ತಿರುಗಿಸುತ್ತದೆ. ಅಮ್ಮ ಬೇಡ ಅಂತಲ್ಲ. ಪ್ರಯತ್ನ ಸಾಕಾಯಿತು ಅಂತ. 'ಹಾಗೇನಿಲ್ಲ' ಅಂತ ಎಂಟು ಸಲ ಹೇಳಿದ ನಿಮ್ಮ ಹೆಂಡತಿಯೂ ಹಾಗೆಯೇ ಮುಖ ತಿರುಗಿಸಿದ್ದಾರೆ ಅಂದೆ. ಟ್ರಾನಿಕ್ ಇನ್ನೊಂದು ವಿಷಯ ಕಂಡುಕೊಂಡರು. ಚೆನ್ನಾಗಿರುವ ತಾಯಿ ಮಗು ಕೂಡ ಒಬ್ಬರಿಗೊಬ್ಬರು ಹೊಂದಿಕೊಂಡಿರುವುದು ಸುಮಾರು 30 ಪರ್ಸೆಂಟ್ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಾಳ ತಪ್ಪುವುದು, ಮತ್ತೆ ಹಿಡಿಯುವುದು. ತಪ್ಪದಿರುವುದರಿಂದ ಅಲ್ಲ, ತಪ್ಪಿದಾಗ ವಾಪಸ್ ಬರುವುದರಿಂದ ಮಗುವಿಗೆ ಧೈರ್ಯ ಬರುತ್ತದೆ.

ಈ ಪ್ರಕರಣ ಬರೆಯುವಾಗ ನನ್ನ ಮನಸ್ಸಿನಲ್ಲಿ ದಂಪತಿಗಳಷ್ಟೇ ಇಲ್ಲ. ಮಕ್ಕಳು ಗುಟ್ಟಾಗಿ ಹೇಳಿದ್ದನ್ನು ನೆಂಟರ ಎದುರು ನಗಾಡುತ್ತಾ ಹೇಳುವ ತಂದೆ ತಾಯಿ ಎಷ್ಟು ಜನ ಇಲ್ಲ? ಹೇಳುವವರಿಗೆ ಅದು ಪ್ರೀತಿಯ ತಮಾಷೆ. ಮಗುವಿಗೆ ಅದು ಕೊನೆಯ ಗುಟ್ಟು. ಇನ್ನೂ ನವಿರಾದ ಒಂದು ಬಗೆ ಇದೆ. ಅದು ಸಲಹೆಯ ವೇಷದಲ್ಲಿ ಬರುತ್ತದೆ. 'ನಿನಗೆ ಮೊದಲಿಂದಲೂ ಧೈರ್ಯ ಕಡಿಮೆ, ನೀನೇ ಹೇಳಿದ್ದೆಯಲ್ಲ' ಅಂತ. ಬೈದ ಹಾಗೂ ಇರುವುದಿಲ್ಲ, ನಂಬಿ ಹೇಳಿಕೊಂಡವರಿಗೆ ತಿರುಗಿ ಹೇಳಲು ಉತ್ತರವೂ ಸಿಗುವುದಿಲ್ಲ. ಮುಂದಿನ ಸಲ ಅವರು ಹೇಳುವುದಿಲ್ಲ, ಅಷ್ಟೇ.

ಐದನೇ ಭೇಟಿಯಲ್ಲಿ ಪತಿ ಕ್ಷಮೆ ಕೇಳಿದರು. ಆಕೆಯ ಕಡೆ ತಿರುಗಿ ಕೂತು, ತಾವು ಆಡಿದ್ದ ಆ ವಾಕ್ಯವನ್ನು ಪೂರ್ತಿ ಹೇಳಿದರು. ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. "ನೀನು ಹನ್ನೆರಡು ವರ್ಷದ ಹುಡುಗಿ ಆಗಿದ್ದಾಗ ಆದದ್ದು ಅದು. ನನ್ನನ್ನು ನಂಬಿ ಹೇಳಿದ್ದೆ. ನಾನು ಅದನ್ನ ಹಣದ ಜಗಳ ಗೆಲ್ಲೋಕೆ ಬಳಸಿದೆ." ಆಕೆ ಅಳಲಿಲ್ಲ, ಕ್ಷಮಿಸಿದೆ ಅಂತಲೂ ಅನ್ನಲಿಲ್ಲ. "ಹೌದು," ಅಂದರು. ಪತಿ ನನ್ನ ಮುಖ ನೋಡಿದರು. ಇಷ್ಟೇನಾ ಅನ್ನುವ ಹಾಗಿತ್ತು ಆ ನೋಟ. ಸದ್ಯಕ್ಕೆ ಇಷ್ಟೇ ಅಂದೆ.

ಇದೆಲ್ಲ ಆಗಿ ಐದು ತಿಂಗಳಾಗಿದೆ. ಪತಿ ಎರಡು ಸಲ ಮಾತು ತಪ್ಪಿ ಕೆದಕಿದ್ದಾರೆ, ಅವರೇ ಒಪ್ಪಿಕೊಂಡಿದ್ದಾರೆ. ಕಳೆದ ಭೇಟಿಯಲ್ಲಿ ಆಕೆ ಒಂದು ಜಗಳದ ಬಗ್ಗೆ ಹೇಳಿದರು. ಆಫೀಸಿನಲ್ಲಿ ಲೆಕ್ಕ ತಪ್ಪಿ ಎಲ್ಲರ ಎದುರು ಬೈಸಿಕೊಂಡದ್ದನ್ನು ಒಂದು ಸಂಜೆ ಗಂಡನ ಹತ್ತಿರ ಹೇಳಿಕೊಂಡಿದ್ದರಂತೆ. ನಾಲ್ಕು ವರ್ಷಕ್ಕೂ ಜಾಸ್ತಿ ಆಗಿತ್ತು ಇಂಥದ್ದೊಂದು ಹೇಳಿ. ಅದಾಗಿ ಮೂರು ದಿನಕ್ಕೆ, ಮಗುವಿನ ಶಾಲೆಯ ಅರ್ಜಿಯಲ್ಲಿ ಏನೋ ತಪ್ಪು ತುಂಬಿದ್ದಕ್ಕೆ ಜಗಳ ಹತ್ತಿತು.

"'ಅದಕ್ಕೇ ಆಫೀಸಲ್ಲೂ...' ಅಂದ್ರು ಮೇಡಂ. ಅಲ್ಲಿಗೇ ನಿಲ್ಲಿಸಿದ್ರು. ಎದ್ದು ಹೊರಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದ್ರು."

ಪತಿ ತಲೆ ತಗ್ಗಿಸಿ ಕೂತಿದ್ದರು. ಅಷ್ಟು ಅಂದದ್ದೇ ತಪ್ಪಾಯಿತು ಅಂತ ಅವರಿಗೆ ಅನ್ನಿಸಿತ್ತು.

"ಅಂದಿದ್ದೂ ಕೇಳಿಸ್ತು," ಅಂದರು ಆಕೆ. "ನಿಲ್ಲಿಸಿದ್ದೂ ಕೇಳಿಸ್ತು."

ತಮ್ಮನ ವಿಷಯ ಮತ್ತೆ ಬಂದಿಲ್ಲ. ನಾನೂ ಎತ್ತಿಲ್ಲ. ಮುಂದಿನ ಭೇಟಿ ಒಂದು ತಿಂಗಳು ಬಿಟ್ಟು ಸಾಕು ಅಂತ ಇಬ್ಬರೂ ಹೇಳಿದ್ದಾರೆ.