ಎಂಆರ್‌ಐನಲ್ಲಿ ಎಸಿಎಲ್ ಪೂರ್ತಿ ಹರಿದಿದೆ ಅಂತ ಬಂದಿದೆ, ಆದರೆ ನೋವೇ ಇಲ್ಲ. ಆಪರೇಷನ್ ಯಾಕೆ ಬೇಕು?

ಪುಣೆಯಲ್ಲಿ ಕೆಲಸ, ವಾರಕ್ಕೊಮ್ಮೆ ಫುಟ್‌ಬಾಲ್, ಊತ ಇಳಿದಿದೆ, ನೋವಿಲ್ಲ, ಮೆಟ್ಟಿಲು ಇಳಿಯುವಾಗ ಮಾತ್ರ ಒಮ್ಮೊಮ್ಮೆ ಮೊಣಕಾಲು ಜಾರಿದ ಹಾಗಾಗುತ್ತದೆ ಅಂತ ಬರೆದಿದ್ದೀರಿ. ನಿಮ್ಮ ಆ ಕೊನೆಯ ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ. ಎಸಿಎಲ್ ಅಂದರೆ ಮೊಣಕಾಲಿನೊಳಗೆ ಮೇಲಿನ, ಕೆಳಗಿನ ಮೂಳೆಗಳನ್ನು ಹಿಡಿದಿಡುವ ಹುರಿ, ಒಂದು ಲಿಗಮೆಂಟ್.

ನನ್ನದು ಕಬಡ್ಡಿ. ಡೊಂಬಿವಲಿಯಲ್ಲಿ ನಮ್ಮ ಕಡೆಯ ಹುಡುಗರದ್ದೇ ಒಂದು ತಂಡ ಇತ್ತು. ರೈಡ್ ಮುಗಿಸಿ ವಾಪಸ್ ತಿರುಗುವಾಗ ಪಾದ ಮ್ಯಾಟ್‌ಗೆ ಕಚ್ಚಿಕೊಂಡಿತು, ಮೈ ಮಾತ್ರ ತಿರುಗಿತು, ಒಳಗೆ ಟಪ್ ಅಂತ ಸದ್ದಾಯಿತು. ಯಾರೂ ನನ್ನನ್ನು ಮುಟ್ಟಿಯೂ ಇರಲಿಲ್ಲ. ಮನೆ ಸೇರುವಷ್ಟರಲ್ಲಿ ಮೊಣಕಾಲು ಊದಿ ಚಿಪ್ಪು ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಹೀಗೆ ಕೆಲವೇ ಗಂಟೆಗಳಲ್ಲಿ ಊದಿದರೆ ಕೀಲಿನೊಳಗೆ ರಕ್ತ ತುಂಬಿದೆ ಅಂತ ಅನುಮಾನ ಪಡಬೇಕು, ಎಸಿಎಲ್ ಹರಿದಾಗ ಸಾಮಾನ್ಯವಾಗಿ ಆಗುವುದೇ ಅದು. ನನಗೆ ಆಗ ಇದೆಲ್ಲ ಗೊತ್ತಿರಲಿಲ್ಲ. ಹತ್ತಿರದ ಒಂದು ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು, ಮೂಳೆ ಸರಿ ಇದೆ, ಉಳುಕಿದೆ ಅಂತ ಪಟ್ಟಿ ಸುತ್ತಿ ಕಳಿಸಿದರು. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದೇ ಇಲ್ಲ. ಊದಿದ ಕಾಲನ್ನು ಕೈಯಿಂದ ಪರೀಕ್ಷೆ ಮಾಡುವುದೂ ಕಷ್ಟ, ನೋವಿಗೆ ತೊಡೆಯ ಸ್ನಾಯು ಬಿಗಿಹಿಡಿದುಬಿಡುತ್ತದೆ. ಊತ ಇಳಿದ ಮೇಲೆ ಇನ್ನೊಮ್ಮೆ ತೋರಿಸಬೇಕು.

ನಾನು ತೋರಿಸಲಿಲ್ಲ. ನನ್ನ ಕಾಲು ಹಾಳಾದದ್ದು ಇಲ್ಲೇ, ಆ ಮ್ಯಾಟ್ ಮೇಲೆ ಅಲ್ಲ. ನೋವು ಹೋಯಿತು ಅಂದರೆ ವಾಸಿಯಾಯಿತು ಅಂತ ನಂಬಿದೆ. ಸರಿಯಾಗಿ ಕೇಳಿ. ಎಸಿಎಲ್ ಹರಿದರೆ ಸಾಮಾನ್ಯವಾಗಿ ನೋವು ಇರುವುದು ಮೊದಮೊದಲು ಮಾತ್ರ. ಊತ ಇಳಿದರೆ ನೋವೂ ಇಳಿಯುತ್ತದೆ, ನೇರವಾಗಿ ನಡೆಯಬಹುದು, ಸೈಕಲ್ ತುಳಿಯಬಹುದು, ಜಿಮ್‌ಗೂ ಹೋಗಬಹುದು. ಆದರೆ ತೊಡೆಮೂಳೆಯ ಕೆಳಗೆ ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ಗಿರಕಿ ಹೊಡೆಯದಂತೆ ಹಿಡಿಯಬೇಕಾದ ಹುರಿಯೇ ಅಲ್ಲಿಲ್ಲ. ಹಾಗಾಗಿ ಪ್ರತಿ ಸಲ ಕಾಲು ಜಾರಿದಾಗಲೂ ಎರಡು ಮೂಳೆಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್, ಅರೆದುಹೋಗುವ ಅಪಾಯ ಇರುತ್ತದೆ. ಜಾರಿದ್ದು ಎರಡೇ ಕ್ಷಣ, ನೋವೂ ಜಾಸ್ತಿ ಇಲ್ಲ, ಸಾವರಿಸಿಕೊಂಡು ಮುಂದೆ ಹೋಗುತ್ತೀರಿ. ನಾನೂ ಹಾಗೇ ಹೋದೆ. ಕುರ್ಲಾದ ಪಾದಚಾರಿ ಸೇತುವೆಯಲ್ಲಿ ಕಂಬಿ ಹಿಡಿದು ಇಳಿಯುವುದು ಅಭ್ಯಾಸವಾಯಿತು, ಮಾಟುಂಗದಲ್ಲಿ ಮಾವನ ಹೋಟೆಲಿನ ಗಲ್ಲೆಯಲ್ಲಿ ಕೂತು ಏಳುವಾಗ ಇನ್ನೊಂದು ಕಾಲಿನ ಮೇಲೆ ಭಾರ ಹಾಕುವುದೂ ಅಭ್ಯಾಸವಾಯಿತು. ಕಾಲು ಕೊಡುತ್ತಿದ್ದ ಎಚ್ಚರಿಕೆಯನ್ನೆಲ್ಲ ಹೀಗೆ ಅಭ್ಯಾಸ ಮಾಡಿಕೊಂಡುಬಿಟ್ಟೆ.

ಒಂದು ಸಂಜೆ ಕುರ್ಲಾದಲ್ಲೇ ಲೋಕಲ್‌ನಿಂದ ಇಳಿಯುವಾಗ ಹಿಂದಿನಿಂದ ನೂಕು, ಎದುರಿನಿಂದ ಹತ್ತುವವರು. ಪ್ಲಾಟ್‌ಫಾರಂ ಮೇಲೆ ಆ ಕಾಲೂರಿ ಪಕ್ಕಕ್ಕೆ ತಿರುಗಿದೆ. ಮೊಣಕಾಲು ಅರ್ಧ ಮಡಚಿದ ಹಾಗೇ ಸಿಕ್ಕಿಕೊಂಡಿತು. ನೆಟ್ಟಗೆ ಮಾಡಲು ಆಗಲೇ ಇಲ್ಲ. ಹರಿದ ಮೆನಿಸ್ಕಸ್‌ನ ಒಂದು ತುಂಡು ಮಗುಚಿ ಕೀಲಿನ ಮಧ್ಯೆ ಬಂದು ಕೂತಿತ್ತು.

ಆಮೇಲೆ ನೋಡಿದ ಸರ್ಜನ್ ಮೊದಲು ಒಳ್ಳೆಯ ಕಾಲನ್ನು ಸ್ವಲ್ಪ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದರಲ್ಲಿ ಕಣಕಾಲನ್ನು ಮುಂದಕ್ಕೆ ಎಳೆದರು. ಟಕ್ ಅಂತ ನಿಂತಿತು. ಇನ್ನೊಂದು ಕಾಲಿನಲ್ಲಿ ಹಾಗೇ ಎಳೆದರೆ ಮೂಳೆ ಮೆತ್ತಗೆ ಮುಂದಕ್ಕೆ ಬಂತು, ನಿಲ್ಲುವ ಜಾಗವೇ ಸಿಗಲಿಲ್ಲ. ಲಾಕ್‌ಮನ್ ಪರೀಕ್ಷೆ ಅಂದರೆ ಇದೇ. ಎಂಆರ್‌ಐಗಿಂತ ಮೊದಲೇ ನನಗೂ ಅರ್ಥವಾಗಿಹೋಯಿತು. ಆರ್ತ್ರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕೀಲಿನೊಳಗೆ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್ ಮಾಡಿ, ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಎಸಿಎಲ್ ಕೂರಿಸಿದರು. ಆದರೆ ಮೆನಿಸ್ಕಸ್‌ ಅನ್ನು ಹೊಲಿಯಲು ಆಗಲಿಲ್ಲ, ಹರಿದ ಭಾಗ ಕತ್ತರಿಸಿ ತೆಗೆದರು. ಅದರ ಹೊರ ಅಂಚಿಗೆ ಮಾತ್ರ ರಕ್ತ ಸಂಚಾರ ಚೆನ್ನಾಗಿರುವುದು, ಹೊಲಿದರೆ ಕೂಡಿಕೊಳ್ಳುವ ಸಾಧ್ಯತೆ ಜಾಸ್ತಿ ಇರುವುದೂ ಅಲ್ಲೇ. ಲಿಗಮೆಂಟ್ ಹೊಸದು ಕೂರಿಸಬಹುದು, ಹೋದ ಮೆತ್ತೆ ವಾಪಸ್ ಬರಲ್ಲ. ಮುಂದೆ ಸವೆತ ಬೇಗ ಬರುವ ಸಂಭವ ಜಾಸ್ತಿ ಅಂತಲೂ ಹೇಳಿದರು.

ಹಾಗಾದರೆ ನೀವು ಕೂಡಲೇ ಆಪರೇಷನ್ ಮಾಡಿಸಿ ಅಂತೀನಾ? ಇಲ್ಲ. ನೀವು ಕೇಳಿದ ಪ್ರಶ್ನೆಯೇ ಸರಿಯಿಲ್ಲ. ನೋವಿದೆಯಾ ಅಂತ ಅಲ್ಲ, ಕಾಲು ಜಾರುತ್ತದಾ ಅಂತ ಕೇಳಿಕೊಳ್ಳಿ. ಸ್ವೀಡನ್‌ನಲ್ಲಿ ನಿಮ್ಮ ಹಾಗೆಯೇ ಎಸಿಎಲ್ ಹರಿದ 121 ಯುವಕ ಯುವತಿಯರ ಮೇಲೆ ಒಂದು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ್ದರು. ಅರ್ಧದಷ್ಟು ಜನರಿಗೆ ಬೇಗನೆ ಆಪರೇಷನ್, ಉಳಿದವರಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಆಪರೇಷನ್. ಎರಡು ವರ್ಷದ ಕೊನೆಗೆ ಎರಡೂ ಗುಂಪಿನವರ ಸ್ಥಿತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎರಡನೇ ಗುಂಪಿನ 59 ಜನರಲ್ಲಿ ಅಷ್ಟರೊಳಗೆ ಆಪರೇಷನ್ ಮಾಡಿಸಿಕೊಂಡವರು 23 ಮಂದಿ. ಅಂದರೆ ಆಪರೇಷನ್ ಇಲ್ಲದೆ ಸಾಗಿಸಿದವರೂ ಬಹಳ ಜನ ಇದ್ದಾರೆ. ಆದರೆ ಅವರು ಸುಮ್ನೆ ಕೂತಿರಲಿಲ್ಲ, ಹೇಳಿಕೊಡುವವರನ್ನು ಇಟ್ಟುಕೊಂಡು ವ್ಯಾಯಾಮ ಮಾಡಿದ್ದರು. ನಾನು ಏನೂ ಮಾಡದೆ ಕೂತೆ, ನೀವೂ ಈಗ ಹಾಗೇ ಕೂತಿದ್ದೀರಿ ಅನ್ನಿಸುತ್ತದೆ.

ಫುಟ್‌ಬಾಲ್ ಬಿಡಲ್ಲ ಅಂದರೆ, ಅಥವಾ ವ್ಯಾಯಾಮ ಮಾಡಿದರೂ ಮೆಟ್ಟಿಲ ಮೇಲೆ ಕಾಲು ಜಾರುತ್ತಿದ್ದರೆ, ನನ್ನ ಪ್ರಕಾರ ಮಾಡಿಸುವುದೇ ಸರಿ. ಅಲ್ಲಿಯವರೆಗೆ ಮೈದಾನಕ್ಕೆ ಇಳಿಯಬೇಡಿ. ಮೊಣಕಾಲಿಗೆ ಬಟ್ಟೆಯ ನೀ-ಕ್ಯಾಪ್ ಹಾಕಿಕೊಂಡು ಆಡುತ್ತೀನಿ ಅನ್ನಬೇಡಿ, ಆ ಬಟ್ಟೆ ಲಿಗಮೆಂಟ್‌ನ ಕೆಲಸ ಮಾಡಲ್ಲ.

ಯಾವ ಗ್ರಾಫ್ಟ್ (ಹೊಸ ಎಸಿಎಲ್ ಆಗಿ ಕೂರಿಸುವ ಸ್ನಾಯುರಜ್ಜು), ಅದನ್ನು ಹಿಡಿಸಲು ಯಾವ ಸ್ಕ್ರೂ ಅಂತ ರಾತ್ರಿಯೆಲ್ಲ ಹುಡುಕುವುದಕ್ಕಿಂತ ಮನೆಗೋ ಆಫೀಸಿಗೋ ಹತ್ತಿರ ಒಳ್ಳೆಯ ಫಿಸಿಯೋಥೆರಪಿಸ್ಟ್ ಹುಡುಕಿ. ಆಪರೇಷನ್ ಮಾಡಿಸಿದರೂ ಬಿಟ್ಟರೂ ಅವರು ಬೇಕೇ ಬೇಕು. ಮಾಡಿಸುವುದಾದರೆ ಅದಕ್ಕೆ ಮೊದಲು ಕಾಲು ಪೂರ್ತಿ ನೆಟ್ಟಗಾಗಬೇಕು, ತೊಡೆಯ ಸ್ನಾಯುವಿಗೆ ಶಕ್ತಿ ಬಂದಿರಬೇಕು. ಆಮೇಲೆ ಆಟಕ್ಕೆ ಮರಳಲು ಕಡಿಮೆ ಅಂದರೂ 9 ತಿಂಗಳು. ನಡುವೆ ಕಾಲು ಗಟ್ಟಿಯಾಯಿತು ಅನ್ನಿಸುತ್ತದೆ, ಆದರೆ ಗ್ರಾಫ್ಟ್ ಒಳಗೆ ಇನ್ನೂ ಹಣ್ಣಾಗಿರುವುದಿಲ್ಲ. ಈ ವಾರವೇ ಎಂಆರ್‌ಐ ಫಿಲ್ಮ್ ಹಿಡಿದು ಹೋಗಿ, ರಿಪೋರ್ಟ್‌ನಲ್ಲಿ ಮೆನಿಸ್ಕಸ್ ಬಗ್ಗೆ ಏನು ಬರೆದಿದೆ ಅಂತ ಬಾಯಿಬಿಟ್ಟು ಕೇಳಿ, ಎರಡೂ ಕಾಲು ಮುಟ್ಟಿ ನೋಡದೆ ಬರೀ ರಿಪೋರ್ಟ್ ಓದಿ ತಾರೀಕು ಕೊಡುವವರಾದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ.